ಒರೆಸಿದ ಹನಿ

ಹೊಳೆಯುತ್ತಿದೆ, ಬೇಕಾದುದಕ್ಕಿಂತ ಹೆಚ್ಚೇ ಹೊಳೆಯುತ್ತಿದೆ ಆ ಉಕ್ಕಿನ ರಾಡು, ಕಿಟಕಿಯ ಬಿಸಿಲೆಲ್ಲ ಅದನ್ನೇ ಹುಡುಕಿಕೊಂಡು ಬಂದಂತೆ, ಒರೆಸಿದವಳು ಎಂಜಿನಿಯರ್ ನುಜತ್ ತಾನೇ, ಬೆಳಿಗ್ಗೆ ದಾವಣಗೆರೆಯ ಬಸ್ಸಿಳಿದು ಹರಿಹರದ ಈ ಪರೀಕ್ಷೆಯ ಶೆಡ್ಡಿಗೆ ಬಂದವಳೇ, ತಪಾಸಣೆಯ ಸಾಹೇಬರು ಬರುವ ಮುನ್ನ, ನೆಂಟರು ಬರುವಾಗ ಹೊಸ್ತಿಲು ಒರೆಸಿದಂತೆ — ರಾಡಿನ ಕುತ್ತಿಗೆಯಲ್ಲಿ ಎಣ್ಣೆಯ ಒಂದು ಹನಿ, ಸಾಸಿವೆಯಷ್ಟು, ಒರೆಸಿಯಾದ ಮೇಲೆಯೇ ಹೊಳೆದದ್ದು, ಹೊರಗಿನಿಂದ ಸಿಡಿದದ್ದೋ ಒಳಗಿನಿಂದ ಸೋರಿದ್ದೋ, ಒಳಗಿನದಾದರೆ ಎಣ್ಣೆ ತಡೆಯುವ ಸೀಲು ಕೂರುವ ಕಚ್ಚಿನ ಅಳತೆಯೇ ತಪ್ಪು, ಆ ಅಳತೆ ಬರೆದವಳು ತಾನು, ಇನ್ನು ಹೇಗೆ ತಿಳಿಯುವುದು, ಗುರುತನ್ನೇ ಅಳಿಸಿದ್ದಾಯಿತಲ್ಲ — ವಿಮಾನದ ಕಾಲು ನೆಲ ಮುಟ್ಟುವ ಪೆಟ್ಟನ್ನು ನುಂಗಬೇಕಾದ ಈ ಶಾಕ್ ಅಬ್ಸಾರ್ಬರು ಇನ್ನೂರ ತೊಂಬತ್ತೊಂಬತ್ತು ಸಲ ಭಾರ ಹೊತ್ತು ಬಿದ್ದಿದೆ, ಇನ್ನೊಂದು ಸಲ ಬಿದ್ದರೆ ಮುನ್ನೂರು, ಸಹಿ, ಆಮೇಲೆ ಹಾರಲು ಕಲಿಯುವ ಯಾರದೋ ಮಗಳ ಕಾಲಡಿಗೆ — ಹನಿಯ ಸಂಗತಿ ಹೇಳಿದರೆ ಎಣಿಕೆ ಮತ್ತೆ ಒಂದರಿಂದ, ಎರಡು ತಿಂಗಳು, ಮ್ಯಾನೇಜರ್ ಶಿವಮೂರ್ತಿ ಗಡಿಯಾರ ನೋಡುತ್ತ, ಏನ್ರಿ ನುಜತ್ ಮೇಡಂ, ಕನ್ಯಾ ನೋಡಾಕ ಬಂದೋರಂಗೆ ನಿಂತೀರಲ್ಲ, ಒಪ್ಪಿಗಿ ಐತೋ ಇಲ್ಲೋ, ಭಾರ ಬಿಡಾಕ ಹೇಳ್ರಿ — ನಗು, ಸಾಹೇಬರದೂ — ಅಜ್ಜಿ ಖತೀಜಾಬೀ ಹೇಳುತ್ತಿದ್ದ ಕಥೆ ಈಗೇಕೆ, ಒಂದೂರಿನ ಸೊಸೆ ಸೋರುವ ಕೊಡದ ಬುಡವನ್ನು ದಿನವೂ ಒರೆಸುತ್ತಿದ್ದಳಂತೆ, ಅತ್ತೆಯ ಕಣ್ಣಿಗೆ ನೆಲ ಒಣಗಿಯೇ ಕಾಣುತ್ತಿತ್ತಂತೆ, ಮನೆಗೆ ಬೆಂಕಿ ಬಿದ್ದ ದಿನ ಕೊಡ ಬಗ್ಗಿಸಿದರೆ — ಆಮ್ಯಾಲೆ ಏನಾತು ದಾದಿ? ಆಮ್ಯಾಲೆ ಏನೈತೆ ಬೇಟಿ, ಒರೆಸೋ ಬಟ್ಟಿ ಒಂದೇ ಹಸಿ ಇತ್ತು — ನುಜತ್ ಹೂಂ ಎಂದುಬಿಟ್ಟಿದ್ದಾಳೆ, ಯಾವಾಗ ಅಂದಳೋ, ಕೊಕ್ಕೆ ಕಳಚಿತು, ಭಾರ ಧಡ್, ಅಂಗಾಲಿನಿಂದ ಹಲ್ಲಿನವರೆಗೆ ನಡುಕ, ಪೆಟ್ಟು ಅಳೆಯುವ ಪರದೆಯ ಮೇಲಿನ ಗೆರೆ ಸರಿಯಾಗಿಯೇ ಏರಿ ಇಳಿಯಿತು, ಮುನ್ನೂರು, ಚಪ್ಪಾಳೆ, ಸಾಹೇಬರು ಪೆನ್ನು ತೆಗೆಯುತ್ತಿದ್ದಾರೆ, ಎಲ್ಲರ ಕಣ್ಣೂ ಪರದೆಯ ಕಡೆ, ಅವಳದೊಂದು ರಾಡಿನ ಕಡೆ, ಕುತ್ತಿಗೆಯಲ್ಲಿ ಏನೋ ಮಿನುಗಿತೇ, ಫಿಟ್ಟರ್ ಖಾಜಾ ಹುಸೇನ್ ಹಳೆಯ ರೂಢಿಯಂತೆ ಹೆಗಲ ಬಟ್ಟೆ ಹಿಡಿದು ಬಾಗುತ್ತಿದ್ದಾರೆ, ಅವಳ ಕೈ ಅವರ ಮಣಿಕಟ್ಟನ್ನು ಹಿಡಿದೇಬಿಟ್ಟಿದೆ, ಬ್ಯಾಡ್ರಿ ಚಾಚಾ, ಒರೆಸಬ್ಯಾಡ್ರಿ, ಸಾಹೇಬ್ರು ನೋಡ್ಲಿ — ಯಾಕ ಬೇಟಿ, ಹೊಲಸು ಕಾಣ್ತೈತಲ್ಲ — ಕಾಣ್ಲಿ ಚಾಚಾ — ಪೆನ್ನು ಕಾಗದದ ಮೇಲೆಯೇ ನಿಂತಿದೆ, ಶಿವಮೂರ್ತಿ ನಗುತ್ತಿಲ್ಲ, ಒಂದರಿಂದ, ಮತ್ತೆ ಒಂದರಿಂದ, ಕುತ್ತಿಗೆಯಲ್ಲಿ ಸಾಸಿವೆಯಷ್ಟು, ಈಗ ಕಡಲೆಯಷ್ಟು, ಬೀಳಲೋ ಬೇಡವೋ ಎಂದು ತೂಗುತ್ತ, ಹನಿ —