ಗೋಡೆಯಾಚೆಯ ಬಿಲ

೧೯೯೪ರ ಮಳೆಗಾಲ ಮುಗಿಯುವ ಹೊತ್ತಿಗೆ ಗಂಜಾಂನ ನಾಗಲಕ್ಷ್ಮಮ್ಮನ ಮನೆಯಲ್ಲಿ ಇಲಿಗಳ ಕಾಟ ವಿಪರೀತವಾಯಿತು. ರಾಗಿ ಚೀಲ ತೂತು ಮಾಡಿದವು, ಸೋಪು ತಿಂದವು, ದೇವರ ಗೂಡಿನ ಎಣ್ಣೆಬತ್ತಿಯನ್ನೂ ಎಳೆದೊಯ್ದವು. ಅಕ್ಕಸಾಲಿಗನಾಗಿದ್ದ ಗಂಡ ಶ್ರೀನಿವಾಸ ತೀರಿಕೊಂಡು ಮೂರು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ. ಪಟ್ಟಣದ ಒಡವೆ ಅಂಗಡಿಗಳಿಗೆ ಕರಿಮಣಿ ಪೋಣಿಸಿಕೊಟ್ಟು ಅವಳು ಬದುಕುತ್ತಿದ್ದಳು. ಸೂರಿನಲ್ಲಿ ಇಲಿ ಓಡಿದರೆ ದಾರದಿಂದ ಕಣ್ಣೆತ್ತದೆಯೇ, "ಇನ್ನೂ ಹೊಟ್ಟೆ ತುಂಬ್ನಿಲ್ವಾ ನಿಂಗೆ?" ಎಂದು ಕೇಳುವಳು. ಎಷ್ಟೋ ದಿನ ಅವಳ ಬಾಯಿಂದ ಹೊರಟ ಮೊದಲ ಮಾತು ಅದೇ ಆಗಿರುತ್ತಿತ್ತು.

ಅದು ಮೊದಲು ಒಂದೇ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಭಾಗದಲ್ಲಿ ಶ್ರೀನಿವಾಸನ ಅಣ್ಣನ ಹೆಂಡತಿ ಚಲುವಮ್ಮ ಇದ್ದಳು. ಅಪ್ಪ ಕೆಲಸ ಮಾಡುತ್ತಿದ್ದ ಬೀದಿ ಬದಿಯ ಕೋಣೆ ಯಾರಿಗೆ ಎಂದು ಅಣ್ಣತಮ್ಮಂದಿರು ಹಟಕ್ಕೆ ಬಿದ್ದು, ವಾರದೊಳಗೆ ಹಸಿ ಇಟ್ಟಿಗೆಯ ಆ ಗೋಡೆ ಕಟ್ಟಿಸಿದ್ದರು. ಈಗ ಅವರಿಬ್ಬರೂ ಇಲ್ಲ. ಕೋಣೆಗೆ ಬೀಗ ಬಿದ್ದಿದೆ. ಓರಗಿತ್ತಿಯರ ನಡುವೆ ಮಾತು ನಿಂತು ಏಳು ವರ್ಷ. ಮಾತಾಡಬೇಡಿ ಎನ್ನುವವರು ಯಾರೂ ಉಳಿದಿರಲಿಲ್ಲ. ಆದರೂ ಯಾರೂ ಶುರು ಮಾಡಲಿಲ್ಲ.

ಅದೇ ದಿನಗಳಲ್ಲಿ ದೂರದ ಸೂರತ್ತಿನಲ್ಲಿ ಪ್ಲೇಗು ಬಂದಿದೆಯೆಂಬ ಸುದ್ದಿ ಪೇಪರಿನಲ್ಲಿ ಬಂತು. ಇಲಿ ಕಂಡರೆ ಜನ ಹೆದರತೊಡಗಿದರು. ಆರೋಗ್ಯ ಕಾರ್ಯಕರ್ತ ತಮ್ಮಯ್ಯ ಮನೆಮನೆಗೂ ಬಂದ. ನಾಗಲಕ್ಷ್ಮಮ್ಮನ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಲೆಯ ಹಿಂದೆ, ಮಡಕೆಗಳ ಸಂದಿಯಲ್ಲಿ ನೋಡಿದ.

"ಉಂಡ ಪಾತ್ರೆ ಯಾವಾಗ ತೊಳೀತೀರಕ್ಕ?"

"ಬೆಳಿಗ್ಗೆ. ಒಬ್ಳೇ ತಾನೆ ಇರೋದು. ಒಂದು ತಟ್ಟೆ, ಒಂದು ಪಾತ್ರೆ."

"ಇಲಿ ಸುಮ್‌ಸುಮ್ನೆ ಮನೆಗೆ ಬರಕ್ಕಿಲ್ಲ ಕಣಕ್ಕ. ಅವುಕ್ಕೆ ಕೂಳು ಬೇಕು, ನೀರು ಬೇಕು, ಮರೇಲಿ ಮರಿ ಹಾಕಕ್ಕೆ ಜಾಗ ಬೇಕು. ಮೂರೂ ಇಲ್ಲೇ ಸಿಗ್ತಾವೆ. ಪಾಷಾಣ ಇಟ್ರೆ ನಾಕು ಸಾಯ್ತವೆ, ಇನ್ನಾಕು ಬತ್ತವೆ."

ನಾಗಲಕ್ಷ್ಮಮ್ಮನಿಗೆ ನಾಚಿಕೆಯಾಯಿತು. ಗಂಡನಿದ್ದಾಗ ಅವಳು ಉಂಡ ತಟ್ಟೆಯನ್ನು ಹಾಗೇ ಬಿಟ್ಟು ಮಲಗಿದವಳಲ್ಲ. ಅಂದು ಸಂಜೆಯೇ ರಾಗಿಯನ್ನು ಮುಚ್ಚಳವಿದ್ದ ತಗಡಿನ ಡಬ್ಬಕ್ಕೆ ಸುರಿದಳು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೇ ಗೋಣಿ, ಚಿಂದಿಬಟ್ಟೆಗಳನ್ನು ತೆಗೆದು ಸುಟ್ಟಳು. ಉಂಡ ಕೂಡಲೇ ಪಾತ್ರೆ ತೊಳೆದು ಬೋರಲು ಹಾಕಿದಳು. ಮಾರನೆಯ ದಿನ ಸಿಮೆಂಟಿಗೆ ಗಾಜಿನ ಚೂರು ಬೆರೆಸಿ ಕಂಡ ಬಿಲಗಳನ್ನೆಲ್ಲ ಮುಚ್ಚಿದಳು. ಬಚ್ಚಲ ಮೋರಿಯ ಬಾಯಿಗೆ ತಂತಿ ಜಾಲರಿ ಕಟ್ಟಿದಳು.

ನಾಲ್ಕು ದಿನ ಮನೆ ಸದ್ದಿಲ್ಲದೆ ಇತ್ತು. ಬಯ್ಯುವುದಕ್ಕೂ ಒಂದು ಜೀವವಿಲ್ಲದ ಆ ಮನೆಯಲ್ಲಿ ಮಣಿ ಪೋಣಿಸುತ್ತ ಕೂತರೆ ಅವಳಿಗೆ ಹೊತ್ತೇ ಹೋಗದು. ಐದನೆಯ ದಿನ ಮಧ್ಯಾಹ್ನ ಗೋಡೆಯಾಚೆ ಪಾತ್ರೆ ಉರುಳಿ ಬಿತ್ತು. ಚಲುವಮ್ಮ ಇಲಿ ಓಡಿಸಲು ಕೋಲಿನಿಂದ ನೆಲಕ್ಕೆ ಬಡಿದಳು. ಮತ್ತೆ ಮತ್ತೆ ಬಡಿದಳು. ವಾರ ಕಳೆಯುವಷ್ಟರಲ್ಲಿ ಗೋಡೆಯ ಬುಡದ ಹಸಿ ಇಟ್ಟಿಗೆ ಕೊರೆದು ಈಚೆಗೂ ಹೊಸ ಬಿಲವೊಂದು ಬಾಯಿ ತೆರೆದಿತ್ತು.

ಮತ್ತೆ ಬಂದ ತಮ್ಮಯ್ಯ ಅದನ್ನು ನೋಡಿ, "ಎರಡೂ ಕಡೆಯಿಂದ್ಲೂ ಮುಚ್ಬೇಕಕ್ಕ. ಆಚೆ ಮನೆ ಯಮ್ಮ ನನಗೆ ಬಾಗಿಲೇ ತೆಗೀನಿಲ್ಲ. ನೀವೊಂದು ಮಾತು ಹೇಳಿ," ಎಂದ.

"ನಮಗೆ ಮಾತಿಲ್ಲ."

ತಮ್ಮಯ್ಯ ಚೀಲ ಹೆಗಲಿಗೇರಿಸಿಕೊಂಡು ಹೋದ.

ಎರಡು ದಿನ ಯೋಚಿಸಿ ನಾಗಲಕ್ಷ್ಮಮ್ಮ ಸಿಮೆಂಟಿನ ಬಾಣಲಿ ಹಿಡಿದು ಪಕ್ಕದ ಬಾಗಿಲಿಗೆ ಹೋದಳು. ಚಿಲಕ ಬಡಿದಳು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಚಲುವಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಆದರೆ ನೋಟ ಎಲ್ಲೋ ಪಕ್ಕಕ್ಕಿತ್ತು.

"ಯಾರವ್ವ? ಆಸ್ಪತ್ರೆಯೋರಾ?"

ಅವಳ ಎರಡೂ ಕಣ್ಣುಗುಡ್ಡೆಗಳ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ನಾಗಲಕ್ಷ್ಮಮ್ಮ "ಹೂಂ" ಎಂದಷ್ಟೇ ಹೇಳಿ ಒಳಗೆ ಹೋದಳು.

ನೆಲದ ತುಂಬ ಅಕ್ಕಿ ಚೆಲ್ಲಿತ್ತು, ಅದರ ನಡುವೆ ಇಲಿಹಿಕ್ಕೆ. ಅನ್ನದ ಪಾತ್ರೆಗೆ ಮುಚ್ಚಳವಿರಲಿಲ್ಲ. ಪಾತ್ರೆಗಳಲ್ಲಿ ಅಲ್ಲಲ್ಲಿ ಜಿಡ್ಡು ಹಾಗೇ ಉಳಿದಿತ್ತು. ನಾಗಲಕ್ಷ್ಮಮ್ಮ ಪೊರಕೆ ಹಿಡಿದು ಗುಡಿಸಿದಳು. ಹಿಂದೆ ಕೂತ ಚಲುವಮ್ಮ ತಾನಾಗಿ ಹೇಳಿದಳು: "ಹೋದ ವರ್ಸದಿಂದ ಕಾಣಕ್ಕಿಲ್ಲ ಕಣವ್ವ. ಯಾರ್ಗೂ ಹೇಳ್ನಿಲ್ಲ. ಹೇಳಕ್ಕೆ ಯಾರವ್ರೆ? ಗ್ವಾಡೆ ಆಚೆ ನಮ್ಮ ಓರಗಿತ್ತಿ ಅವ್ಳೆ. ಒಬ್ಳೇ ಮಾತಾಡ್ಕತಾಳೆ, ಕೇಳಿಸ್ತದೆ. ಈಗೊಂದು ವಾರದಿಂದ ಅದೂ ಇಲ್ಲ. ಏನಾಯ್ತೋ ಏನೋ."

ನಾಗಲಕ್ಷ್ಮಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು.

"ನಾನು ನಾಗು ಕಣಕ್ಕ."

ಚಲುವಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, "ಬಚ್ಚಲ ತಾವ ದೊಡ್ಡ ಬಿಲ ಅದೆ. ಕಾಲಿಗೆ ಸಿಕ್ತದೆ. ಮೊದ್ಲು ಅದ ಮುಚ್ಚು," ಎಂದಳು.

ಅಂದು ಮಧ್ಯಾಹ್ನವೆಲ್ಲ ನಾಗಲಕ್ಷ್ಮಮ್ಮ ಬಿಲ ಮುಚ್ಚಿದಳು, ಅಕ್ಕಿ ಆರಿಸಿ ಡಬ್ಬಕ್ಕೆ ತುಂಬಿದಳು, ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆದಳು. ತಿಂಗಳೊಳಗೆ ಎರಡೂ ಮನೆಗಳಲ್ಲಿ ಇಲಿ ಕಾಣದಾಯಿತು. ಅಡುಗೆ ಮಾತ್ರ ಬೇರೆ ಬೇರೆಯೇ. ನಾಗಲಕ್ಷ್ಮಮ್ಮ ದಿನಕ್ಕೊಮ್ಮೆ ಹೋಗಿ ಪಾತ್ರೆಯಲ್ಲಿ ಜಿಡ್ಡು ಉಳಿದಿದೆಯೇ ಎಂದು ನೋಡಿ ಬರುವಳು. ಇಬ್ಬರಿಗೂ ಆಡಲು ಹೆಚ್ಚು ಮಾತು ಸಿಗುತ್ತಿರಲಿಲ್ಲ. ಏಳು ವರ್ಷದ ಹಿಂದಿನದನ್ನು ಯಾರೂ ಎತ್ತಲಿಲ್ಲ.

ಪಾಂಡವಪುರದಲ್ಲಿ ಕಣ್ಣಿನ ಶಿಬಿರ ನಡೆಯುವುದೆಂದು ತಮ್ಮಯ್ಯ ತಿಳಿಸಿದ. ಶಿಬಿರದ ದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಚಲುವಮ್ಮ ಕಿಟಕಿ ಪಕ್ಕ ಕೂತಳು. ಇಳಿಯುವಾಗ ಮೆಟ್ಟಿಲು ತಿಳಿಯದೆ ಕೈ ಚಾಚಿದಳು. ನಾಗಲಕ್ಷ್ಮಮ್ಮ ಹಿಡಿದುಕೊಂಡಳು. ಕೆಳಗಿಳಿದ ಮೇಲೂ ಆ ಕೈ ಬಿಡಲಿಲ್ಲ.