ಬಾವಲಿಯ ಬಗ್ಗೆ ಬರೆದವಳು

ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ಶ್ಯಾಮಲಮ್ಮ ಮಕ್ಕಳಿಗಾಗಿ ಪುಸ್ತಕ ಬರೆಯಲು ಶುರುಮಾಡಿದ್ದು ೧೯೩೪ರಲ್ಲಿ. ಕಥೆಯಲ್ಲ, ಪದ್ಯವಲ್ಲ; ಕಂಡದ್ದನ್ನು ಕಂಡ ಹಾಗೆ ಹೇಳುವ ಪುಸ್ತಕ. ಆಕೆಯ ತವರು ವೇಮಗಲ್ ಹತ್ತಿರ, ಹಿಪ್ಪುನೇರಳೆ ಬೆಳೆಯುವ ಮನೆ. ರೇಷ್ಮೆ ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂತು, ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ಅವರ ಮನೆಯಲ್ಲಿ ಜ್ವರ ಅನ್ನುತ್ತಿದ್ದರು. ಆ ನಾಲ್ಕು ಜ್ವರಗಳನ್ನೇ ಹಿಡಿದು ಇಪ್ಪತ್ತನಾಲ್ಕು ಪುಟದ ಪುಸ್ತಕ ಬರೆದಳು. ಕೋಲಾರದಲ್ಲಿ ಅಚ್ಚುಕೂಟ ಇಟ್ಟಿದ್ದ ಚನ್ನರಾಯಪ್ಪ ಅದನ್ನು ಅಚ್ಚು ಹಾಕಿದ. ಪುಸ್ತಕ ಶಾಲೆಗಳಿಗೆ ಹೋಯಿತು. ಆಮೇಲೆ ಬಾವಿಯ ಬಗ್ಗೆ ಒಂದು, ರಾಗಿಯ ಬಗ್ಗೆ ಒಂದು, ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಒಂದು. ಇವನ್ನೆಲ್ಲ ಬರೆಯುವವರು ಪೋಸ್ಟಾಫೀಸಿನಲ್ಲಿರುವ ಗಂಡ ರಾಮಚಂದ್ರಪ್ಪನೇ ಅಂತ ಊರಲ್ಲಿ ಕೆಲವರು ಆಡಿಕೊಂಡರು. ಶ್ಯಾಮಲಮ್ಮ ನಕ್ಕು ಸುಮ್ಮನಾದಳು. ಆಗಿನ್ನೂ ಆಕೆಗೆ ಯಾರ ಮೇಲೂ ಅನುಮಾನಪಟ್ಟು ಗೊತ್ತಿರಲಿಲ್ಲ.

ಅನುಮಾನ ಹುಟ್ಟಿದ್ದು ೧೯೪೦ರಲ್ಲಿ. ಆ ವರ್ಷ ಬೇರೆ ಬೇರೆಯವರಿಂದ ಲೇಖನ ತರಿಸಿ, ತಿದ್ದಿ, ಮಕ್ಕಳಿಗಾಗಿ ಒಂದು ಸಂಕಲನ ತಂದಳು. ಮಾಲೂರಿನ ಮೇಷ್ಟ್ರೊಬ್ಬರು ಅಳಿಲಿನ ಬಗ್ಗೆ ಬರೆದಿದ್ದರು. ಬಲು ಸೊಗಸಾದ ಬರಹ. ಪುಸ್ತಕ ಬಂದ ವಾರಕ್ಕೆ ಮೂರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಅಮ್ಮಾವ್ರೆ, ಅಳಿಲು ಚಳಿಗಾಲವೆಲ್ಲ ಪೊಟರೆಯಲ್ಲಿ ಮಲಗಿರುತ್ತೆ ಅಂತ ಇದೆ. ನಮ್ಮ ಮನೆ ಅಳಿಲು ಸಂಕ್ರಾಂತಿ ದಿನವೂ ಅವರೇಕಾಯಿ ಕದೀತಿತ್ತಲ್ಲ?"

ಶ್ಯಾಮಲಮ್ಮ ಪುಸ್ತಕ ತೆರೆದು ನೋಡಿದಳು. ತಾನೇ ಹತ್ತು ಸಲ ಓದಿ ತಿದ್ದಿದ್ದ ಸಾಲು ಅದು. ತಿಂಗಳೊಳಗೆ ಪತ್ರಿಕೆಯಲ್ಲಿ ಒಂದು ಕಾಗದವೂ ಬಂತು: ಇಂಥ ಇಂಗ್ಲಿಷ್ ಮಾಸಪತ್ರಿಕೆಯಿಂದ ಈ ಲೇಖನವನ್ನು ಸಾಲುಸಾಲಾಗಿ ಎತ್ತಿದ್ದಾರೆ, ಸಂಪಾದಕಿ ನಿದ್ದೆ ಮಾಡುತ್ತಿದ್ದರೇ? ಉಳಿದ ಪ್ರತಿಗಳನ್ನೆಲ್ಲ ಅಂಗಡಿಗಳಿಂದ ವಾಪಸ್ಸು ತರಿಸಬೇಕಾಯಿತು.

ಅಲ್ಲಿಂದ ಆಕೆಯ ಕಣ್ಣೇ ಬದಲಾಯಿತು. ಯಾರಾದರೂ ಚೆನ್ನಾಗಿ ಬರೆದರೆ, ಎಲ್ಲಿಂದ ಎತ್ತಿದರೋ ಅನ್ನಿಸುತ್ತಿತ್ತು. ಕೆಟ್ಟದಾಗಿ ಬರೆದರೆ, ಕದ್ದದ್ದು ಗೊತ್ತಾಗದಿರಲಿ ಅಂತ ಬೇಕೆಂದೇ ಕೆಡಿಸಿದ್ದಾರೇನೋ ಅನ್ನಿಸುತ್ತಿತ್ತು. ತರಗತಿಯ ಮಕ್ಕಳ ಸ್ಲೇಟನ್ನು ಕೂಡ ಪಕ್ಕದವಳ ಸ್ಲೇಟಿನ ಜೊತೆ ಇಟ್ಟು ನೋಡುತ್ತಿದ್ದಳು.

೧೯೪೪ರಲ್ಲಿ ಚನ್ನರಾಯಪ್ಪ ಇನ್ನೊಂದು ಸಂಕಲನ ತರೋಣ ಅಂದ. ಯುದ್ಧದ ಕಾಲ, ಕಾಗದಕ್ಕೆ ಪರ್ಮಿಟ್ಟು ಬೇಕು. ಹೇಗೋ ಅವನಿಗೆ ಸಿಕ್ಕಿತ್ತು. ಶ್ಯಾಮಲಮ್ಮ ಬೇಡ ಬೇಡ ಅಂತಲೇ ಒಪ್ಪಿಕೊಂಡು, ತಾನೇ ಕರಪತ್ರ ಬರೆದಳು: 'ನಮ್ಮ ಸೀಮೆಯ ಪ್ರಾಣಿ ಪಕ್ಷಿ ಗಿಡ ಮರಗಳ ಬಗ್ಗೆ, ಕಣ್ಣಾರೆ ಕಂಡದ್ದನ್ನು ಮಾತ್ರ, ಯಾರು ಬೇಕಾದರೂ ಬರೆದು ಕಳಿಸಬಹುದು.' 'ಮಾತ್ರ' ಅನ್ನುವುದರ ಕೆಳಗೆ ದಪ್ಪ ಗೆರೆ. ಕರಪತ್ರ ಸುತ್ತಲ ನಾಲ್ಕು ತಾಲ್ಲೂಕುಗಳಿಗೆ ಹೋಯಿತು. ಲೇಖನಗಳು ಬಂದವು. ಒಂದೊಂದನ್ನೂ ಮೊರದಲ್ಲಿ ಹಾಕಿಕೊಂಡು ಕಲ್ಲು ಆರಿಸುವ ಹಾಗೆ ನೋಡಿದಳು. ಅರ್ಧಕ್ಕರ್ಧ ವಾಪಸ್ಸು ಹೋದವು.

ಮುಂದಿನ ಮಾಘದಲ್ಲಿ ನಂಗಲಿಯಿಂದ ಒಂದು ಲಕೋಟೆ ಬಂತು. ಆಂಧ್ರದ ಕಡೆ ಹೋಗುವ ರಸ್ತೆಯ ಮೇಲೆ, ಮುಳಬಾಗಿಲು ದಾಟಿದರೆ ನಂಗಲಿ. ಬರೆದವಳ ಹೆಸರು ಆದಿಲಕ್ಷ್ಮಿ. ವಿಷಯ ಬಾವಲಿ.

ಓದುತ್ತಾ ಓದುತ್ತಾ ಶ್ಯಾಮಲಮ್ಮನ ಹುಬ್ಬು ಗಂಟಾಯಿತು. ಬಿಸಿಲು ಏರಿದಾಗ ಬಾವಲಿ ರೆಕ್ಕೆ ಬೀಸಿಕೊಂಡು ಗಾಳಿ ಹಾಕಿಕೊಳ್ಳುತ್ತೆ. ಮರಿಯನ್ನು ಎದೆಗೆ ಅಂಟಿಸಿಕೊಂಡೇ ಹಾರುತ್ತೆ. ಮರಿ ಭಾರವಾದ ಮೇಲೆ ಕೊಂಬೆಗೆ ತಗುಲಿಸಿ ಹೋಗುತ್ತೆ. ಇಡೀ ದಿನ ತಲೆಕೆಳಗಾಗಿ ನೇತಾಡುವ ಬಾವಲಿ, ಉಚ್ಚೆ ಹೊಯ್ಯುವಾಗ ಮಾತ್ರ ರೆಕ್ಕೆಯ ಉಗುರಿನಿಂದ ಕೊಂಬೆ ಹಿಡಿದು ತಲೆ ಮೇಲೆ ಮಾಡುತ್ತೆ.

"ಇದನ್ನ ಯಾರು ನೋಡಿರ್ತಾರೆ ಹೇಳಿ?" ಅಂದಳು ಗಂಡನಿಗೆ. "ಯಾವುದೋ ಬಿಳೀ ದೊರೆ ಕಾಡಲ್ಲಿ ಕೂತು ಬರೆದದ್ದು. ಇವಳು ಇಳಿಸಿಕೊಂಡಿದ್ದಾಳೆ."

"ನಂಗಲಿಯಲ್ಲಿ ಇಂಗ್ಲಿಷ್ ಪುಸ್ತಕ ಯಾರ ಹತ್ರ ಇದೆಯೇ?" ಅಂದ ರಾಮಚಂದ್ರಪ್ಪ.

"ಅದೇ ನಾನೂ ಕೇಳ್ತಿರೋದು. ಅಕ್ಷರ ನೋಡ್ರಿ, ಕಚೇರಿ ಗುಮಾಸ್ತನ ಅಕ್ಷರ. ಹೆಂಗಸಿನ ಹೆಸರು ಹಾಕಿದರೆ ನಾನು ಮೆತ್ತಗಾಗ್ತೀನಿ ಅಂತ ಯಾರೋ ಆಟ ಹೂಡಿದ್ದಾರೆ."

ಒಂದು ಕಾರ್ಡು ಹಾಕಿದಳು: 'ಇದನ್ನು ಬರೆಯಲು ನೀವು ಓದಿದ ಪುಸ್ತಕ ಯಾವುದು?' ಎಂಟು ದಿನಕ್ಕೆ ಉತ್ತರ ಬಂತು. 'ನಾನು ಏನೂ ಓದಿಲ್ಲ. ನೋಡಿದ್ದೇನೆ.' ಅಷ್ಟೇ. ಆದರೆ ಕಾರ್ಡಿನ ಅಕ್ಷರ ಬೇರೆ! ಲೇಖನದ ಅಕ್ಷರ ದುಂಡಗೆ ಮುತ್ತು ಪೋಣಿಸಿದ ಹಾಗಿದ್ದರೆ, ಇದು ಕೋಳಿ ಕೆದಕಿದ ಹಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತವಳಿಗೆ ಅನ್ನದ ಎಸರು ಉಕ್ಕಿದ್ದೂ ಗೊತ್ತಾಗಲಿಲ್ಲ. ಚನ್ನರಾಯಪ್ಪನ ಮೇಲೂ ಸಂಶಯ ಬಂತು. ಪುಟ ತುಂಬಿದರೆ ಸಾಕು ಅನ್ನುವ ಮನುಷ್ಯ. ಇವನೇ ಎಲ್ಲಿಂದಲೋ ಬರೆಸಿ ಕಳಿಸಿರಬಾರದೇಕೆ?

ಆ ಸಿಟ್ಟಿನಲ್ಲೇ ಇನ್ನೊಂದು ಕಾಗದ ಬರೆದಳು. 'ಬೇರೆಯವರ ಪುಸ್ತಕದಿಂದ ಎತ್ತಿ ಬರೆಯುವುದು ಕಳ್ಳತನ. ನಿಜ ತಿಳಿಸಿದರೆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.' ಅದಕ್ಕೆ ಉತ್ತರವೇ ಬರಲಿಲ್ಲ. ಹದಿನೈದು ದಿನ ಕಾದಳು. ಸಿಕ್ಕಿಬಿದ್ದವರು ಬಾಯಿ ಮುಚ್ಚಿಕೊಂಡರು ಅಂತ ಮೊದಲು ಸಮಾಧಾನವಾಯಿತು. ಆಮೇಲೆ, ಯಾರು ಅಂತ ಮುಖ ನೋಡದೆ ಬಿಡಬಾರದು ಅನ್ನಿಸಿತು. ಯುಗಾದಿ ರಜ ಬಂದದ್ದೇ ಕೈಚೀಲಕ್ಕೆ ಆ ಕಾಗದಗಳನ್ನು ಹಾಕಿಕೊಂಡು ಹೊರಟಳು.

"ನಿನ್ನ ಕಣ್ಣಿಗೆ ಈಗ ಎಲ್ಲರೂ ಕಳ್ಳರೇ ಕಣೇ," ಅಂದ ರಾಮಚಂದ್ರಪ್ಪ, ಬಸ್ಸು ಹತ್ತಿಸುತ್ತಾ.

ಪೆಟ್ರೋಲು ಸಿಗದ ಕಾಲ. ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು ನಿಂತು, ಮುಳಬಾಗಿಲು ಸೇರುವಷ್ಟರಲ್ಲಿ ಹತ್ತು ಗಂಟೆ. ಅಲ್ಲಿಂದ ಇನ್ನೊಂದು ಬಸ್ಸು. ನಂಗಲಿಯಲ್ಲಿ ಇಳಿದಾಗ ನೆತ್ತಿ ಸುಡುವ ಬಿಸಿಲು. ರಸ್ತೆ ಬದಿಯಲ್ಲಿ ಒಬ್ಬ ಲಾರಿಯ ಟೈರಿಗೆ ತೇಪೆ ಹಾಕುತ್ತಿದ್ದ.

"ಏನಪ್ಪ, ಆದಿಲಕ್ಷ್ಮಿ ಅನ್ನೋರು ಎಲ್ಲಿ ಸಿಗ್ತಾರೆ?"

"ಯಾರು, ಬಾವಲಿ ಕದ್ದೋಳಾ?" ಅಂತ ಅವನು ಗಹಗಹಿಸಿ ನಕ್ಕ. "ಅಗೋ, ಆಲದ ಮರದ ಕೆಳಗೆ ಮಜ್ಜಿಗೆ ಮಾರ್ತಾಳಲ್ಲ, ಅವಳೇ."

ಆ ನಗು ಶ್ಯಾಮಲಮ್ಮನಿಗೆ ಯಾಕೋ ಹಿಡಿಸಲಿಲ್ಲ. ಆದರೂ ಹೆಸರು ಹೇಳದೆ, ದಾರಿಹೋಕಳ ಹಾಗೆ ಹೋಗಿ ಮರದ ಬೇರಿನ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕೊಂಡಳು. ಆದಿಲಕ್ಷ್ಮಿಗೆ ಐವತ್ತರ ಮೇಲಾಗಿತ್ತು. ಕಪ್ಪು ಮೈ, ಗಟ್ಟಿ ಆಳು. ಮುಂದೆ ಮಜ್ಜಿಗೆಯ ಗಡಿಗೆ, ಒಂದು ಮರದ ಮುಚ್ಚಳ. ಮೇಲೆ ಕೊಂಬೆ ಕೊಂಬೆಗೂ ಕರೀ ಚೀಲ ತೂಗುಹಾಕಿದ ಹಾಗೆ ನೂರಾರು ಬಾವಲಿಗಳು, ಕಿಚಕಿಚ ಜಗಳ, ಘಾಟು ವಾಸನೆ.

ಪರೀಕ್ಷೆ ಮಾಡೋಣ ಅಂತ ಶ್ಯಾಮಲಮ್ಮ ಕೇಳಿದಳು: "ಮೇಲೆ ಅದೇನಮ್ಮ ಅಷ್ಟೊಂದು?"

"ಗಬ್ಬಿಲಾಯಿ. ನಿಮ್ಮ ಕಡೆ ಬಾವಲಿ ಅಂತೀರ." ಮುಖ ಕೊಟ್ಟು ಮಾತಾಡಲಿಲ್ಲ.

"ಅವು ಹಗಲೆಲ್ಲ ಏನು ಮಾಡ್ತವೆ?"

"ನನ್ನ ಕೇಳಬೇಡ ತಾಯಿ. ಹೇಳಿ ಹೇಳಿ ಸಾಕಾಗಿದೆ." ಅಷ್ಟರಲ್ಲಿ ಮೇಲೆ ನೋಡಿದವಳು ಒಂದೇ ಏಟಿಗೆ ಗಡಿಗೆಗೆ ಮುಚ್ಚಳ ಹಾಕಿ, ಶ್ಯಾಮಲಮ್ಮನ ರಟ್ಟೆ ಹಿಡಿದು ಎಳೆದಳು. "ಜರುಗಮ್ಮ! ಈಚೆ ಜರುಗು!"

ಶ್ಯಾಮಲಮ್ಮ ಎಡವಿ ಎದ್ದು ಮೇಲೆ ನೋಡಿದಳು. ಒಂದು ಬಾವಲಿ ರೆಕ್ಕೆಯ ಉಗುರಿನಿಂದ ಕೊಂಬೆಗೆ ತಗುಲಿಕೊಂಡು, ನೇತಾಡುತ್ತಿದ್ದ ತಲೆಯನ್ನು ನಿಧಾನವಾಗಿ ಮೇಲೆ ಮಾಡಿತು. ಆಕೆ ಕೂತಿದ್ದ ಬೇರಿನ ಮೇಲೆ ತಟತಟ ಹನಿ ಬಿತ್ತು.

"ತಲೆ ಎತ್ತಿತು ಅಂದ್ರೆ ಮುಚ್ಚಳ ಹಾಕಬೇಕು," ಅಂದಳು ಆದಿಲಕ್ಷ್ಮಿ. "ಇಪ್ಪತ್ತೆರಡು ವರ್ಷದಿಂದ ನೋಡ್ಕೊಂಡೇ ಕೂತಿದ್ದೀನಿ. ನೋಡದಿದ್ರೆ ಈ ಮಜ್ಜಿಗೆ ಯಾರು ಕುಡೀತಾರೆ?"

ಶ್ಯಾಮಲಮ್ಮನಿಗೆ ಕೈಯಲ್ಲಿದ್ದ ಮಜ್ಜಿಗೆ ಕುಡಿಯಲಾಗಲಿಲ್ಲ. "ನಾನು... ಶ್ರೀನಿವಾಸಪುರದ ಶ್ಯಾಮಲಮ್ಮ," ಅಂದಳು.

ಆದಿಲಕ್ಷ್ಮಿ ಸೌಟು ಕೆಳಗಿಟ್ಟಳು. "ಕಾಗದ ಬರೆದೋರು ನೀವಾ?"

"ಹೂಂ."

"ಓದಿದೋನು ಬಸ್ ಕಂಡಕ್ಟರು. ಹತ್ತು ಜನ ನಿಂತಿದ್ರು. ಮೊದಲ್ನೇ ಸಲ ನನಗೆ ಅರ್ಥವೇ ಆಗಲಿಲ್ಲ, ಇನ್ನೊಂದು ಸಲ ಓದಪ್ಪ ಅಂದೆ. ಎರಡನೇ ಸಲಕ್ಕೆ ಅವರೆಲ್ಲ ನಗೋಕೆ ಶುರುಮಾಡಿದ್ರು. ಆವತ್ತಿಂದ ನಾನು ಬಾವಲಿ ಕಳ್ಳಿ."

"ನಿಮಗೆ ಓದು ಬರಹ ಬರಲ್ಲ ಅಂತ ಒಂದು ಮಾತು ಬರೆಸಬಹುದಿತ್ತಲ್ಲ? ಎರಡು ಥರದ ಅಕ್ಷರ ನೋಡಿ ನಾನು..."

"ನೀವು ಕೇಳಿದ್ರಾ? ಯಾವ ಪುಸ್ತಕ ಅಂತ ಕೇಳಿದ್ರಿ. ಕಣ್ಣಾರೆ ಕಂಡದ್ದು ಕಳಿಸಿ ಅಂತ ಕರಪತ್ರದಲ್ಲಿತ್ತಂತೆ, ಸುಂಕದ ಕಟ್ಟೆಯ ಗುಮಾಸ್ತ ಓದಿ ಹೇಳಿದ. ಕಂಡಿದ್ದೀನಿ, ಬರಿ ಅಂದೆ, ಬರೆದ. ಕಾರ್ಡು ಬಂದ ದಿನ ಅವನಿರಲಿಲ್ಲ, ಒಬ್ಬ ಲಾರಿಯವನ ಕೈಲಿ ಬರೆಸಿದೆ. ಇಲ್ಲಿ ನಿಂತೋರ ಕೈಲಿ ತಾನೇ ನಾನು ಬರೆಸಬೇಕು?" ಆಮೇಲೆ ಕೈ ಚಾಚಿದಳು. "ಅದು ವಾಪಸ್ಸು ಕೊಡಿ. ನಿಮ್ಮ ಪುಸ್ತಕಕ್ಕೆ ಬೇಡ."

ಶ್ಯಾಮಲಮ್ಮ ಕೈಚೀಲ ತೆರೆದಳು, ಆದರೆ ಹಾಳೆಗಳನ್ನು ಕೊಡಲು ಮನಸ್ಸು ಬರಲಿಲ್ಲ. ತಪ್ಪಾಯಿತು ಅಂದಳು. ಇನ್ನೊಂದು ಸಲ ಅಂದಳು.

"ನನ್ನ ಹತ್ರ ಗುಟ್ಟಾಗಿ ತಪ್ಪಾಯ್ತು ಅಂದ್ರೆ ಏನಾಯ್ತಮ್ಮ? ಕಳ್ಳಿ ಅಂದದ್ದು ಹತ್ತು ಜನರ ಮುಂದೆ."

ಮಧ್ಯಾಹ್ನದ ಬಸ್ಸು ಬರುವವರೆಗೂ ಶ್ಯಾಮಲಮ್ಮ ಅಲ್ಲೇ ಕೂತಿದ್ದಳು. ಬಸ್ಸು ನಿಂತಿತು, ಕಾಗದ ಓದಿದ್ದ ಅದೇ ಕಂಡಕ್ಟರು ಇಳಿದ. ತೇಪೆ ಹಾಕುತ್ತಿದ್ದವನು, ಲಾರಿಯವರು, ಪ್ರಯಾಣಿಕರು ಮಜ್ಜಿಗೆಗೆ ಅಂತ ಗುಂಪು ಸೇರಿದರು. ಆಕೆ ಎದ್ದು ನಿಂತಳು. ತರಗತಿಯಲ್ಲಿ ಅರವತ್ತು ಮಕ್ಕಳನ್ನು ಗದರಿಸುವ ಧ್ವನಿ ಆವತ್ತು ಮೇಲೇಳಲೇ ಇಲ್ಲ.

"ಕೇಳಿಸಲ್ಲ, ಜೋರಾಗಿ!" ಅಂದ ಯಾರೋ.

"ಆ ಕಾಗದ ಬರೆದವಳು ನಾನು," ಅಂದಳು ಜೋರಾಗಿ. "ಈಕೆ ಕದ್ದಿಲ್ಲ. ಈಕೆ ಹೇಳಿದ್ದನ್ನ ಈಗ ನಾನೇ ಕಣ್ಣಾರೆ ನೋಡಿದೆ. ಬಂದು ನೋಡದೆ ಕಳ್ಳತನ ಅಂತ ಬರೆದದ್ದು ನನ್ನ ತಪ್ಪು."

ಯಾರೂ ನಗಲಿಲ್ಲ. ಕಂಡಕ್ಟರು ಮಾತ್ರ ತಲೆ ಕೆರೆದುಕೊಂಡು, "ನಾನು ಇದ್ದದ್ದನ್ನ ಓದಿದೆ ಅಷ್ಟೇ," ಅಂದ. ಶ್ಯಾಮಲಮ್ಮ ಮತ್ತೆ ಕೂತಳು. ಆದಿಲಕ್ಷ್ಮಿ ಹೊಸದಾಗಿ ಒಂದು ಲೋಟ ಮಜ್ಜಿಗೆ ಮುಂದಿಟ್ಟಳು.

ಸಂಜೆಯವರೆಗೆ ಆಕೆ ಹೇಳುತ್ತಾ ಹೋದಳು, ಶ್ಯಾಮಲಮ್ಮ ಬರೆಯುತ್ತಾ ಹೋದಳು. ಗುಮಾಸ್ತ ಬಿಟ್ಟಿದ್ದೆಷ್ಟೋ ಇತ್ತು: ಬಾವಲಿ ಹಣ್ಣನ್ನು ಅಗಿದು ರಸ ನುಂಗಿ ಸಿಪ್ಪೆ ಉಗಿಯುವುದು, ಬಿದ್ದ ಮರಿಗಾಗಿ ತಾಯಿ ಕೆಳಗಿನ ಕೊಂಬೆಯವರೆಗೂ ಇಳಿದು ಬರುವುದು. ನಡುವೆ ಆದಿಲಕ್ಷ್ಮಿ ಥಟ್ಟನೆ ಕೇಳಿದಳು: "ಇದಕ್ಕೆ ನಿಮ್ಮ ಹೆಸರು ಹಾಕ್ಕೊಳಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನು ಓದೋಳಲ್ಲ."

"ಅಚ್ಚಾದ ಮೇಲೆ ನಾನೇ ತಂದುಕೊಡ್ತೀನಿ. ಯಾರ ಕೈಲಿ ಬೇಕಾದರೂ ಓದಿಸಿ."

ಪುಸ್ತಕ ಆ ವರ್ಷ ದೀಪಾವಳಿ ಕಳೆದು ಬಂತು. ಶ್ಯಾಮಲಮ್ಮ ನಂಗಲಿಗೆ ಹೊತ್ತು ತಂದಳು. ಆದಿಲಕ್ಷ್ಮಿ ಅದನ್ನು ಆಕೆಯ ಕೈಲಿ ಓದಿಸಲಿಲ್ಲ. ಕಂಡಕ್ಟರ ಕೈಲಿ ಓದಿಸಿದಳು. ಅವನು ಹೋದ ಮೇಲೆ ಒಬ್ಬ ಪೋಲೀಸಿನವನನ್ನು ನಿಲ್ಲಿಸಿ, ಮೊದಲಿಂದ ಓದಪ್ಪ ಅಂದಳು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಶ್ಯಾಮಲಮ್ಮ ಮುದುರಿ ಕೂತಿದ್ದಳು. ಹೆಸರು ಸರಿಯಿತ್ತು. ಮರಿಯ ವಿಷಯ ಸರಿಯಿತ್ತು.

"ನಿಲ್ಸು," ಅಂದಳು ಆದಿಲಕ್ಷ್ಮಿ. "'ಮೂತ್ರ ವಿಸರ್ಜನೆ' ಅಂದ್ಯಲ್ಲ, ಕಂಡಕ್ಟರೂ ಹಾಗೇ ಅಂದ. ಅದು ನನ್ನ ಮಾತಲ್ಲ."

ಶ್ಯಾಮಲಮ್ಮ ಪುಸ್ತಕ ಕಿತ್ತುಕೊಂಡು ನೋಡಿದಳು. ಕರಡು ತಿದ್ದುವಾಗ ಸರಿಯಾಗಿಯೇ ಇತ್ತು. ಮಾರನೇ ದಿನ ನೇರವಾಗಿ ಕೋಲಾರಕ್ಕೆ ಹೋದಳು.

"ಮಕ್ಕಳ ಪುಸ್ತಕದಲ್ಲಿ ಉಚ್ಚೆ ಅಂತ ಹಾಕೋಕಾಗುತ್ತೇನಮ್ಮ? ಸ್ಕೂಲು ಇನ್ಸ್‌ಪೆಕ್ಟರು ಒಪ್ತಾರಾ?" ಅಂದ ಚನ್ನರಾಯಪ್ಪ.

"ಅದು ಆಕೆ ಕಂಡದ್ದು, ಆಕೆ ಆಡಿದ್ದು. ಮುಟ್ಟೋಕೆ ನೀವ್ಯಾರು, ನಾನ್ಯಾರು?"

ಎರಡನೇ ಮುದ್ರಣ ಬಂದದ್ದು ೧೯೪೭ರಲ್ಲಿ. ಆ ಪುಟದ ಅಚ್ಚಿನ ಮೊಳೆ ಜೋಡಿಸಿ, ಬಿಗಿದು, ಯಂತ್ರಕ್ಕೆ ಏರಿಸಿ, ಮೊದಲ ಹಾಳೆ ಹಸಿಯಾಗಿ ಹೊರಗೆ ಬರುವವರೆಗೂ ಶ್ಯಾಮಲಮ್ಮ ಅಚ್ಚುಕೂಟದಲ್ಲಿ ನಿಂತೇ ಇದ್ದಳು. ಉಚ್ಚೆ ಉಚ್ಚೆಯಾಗಿಯೇ ಅಚ್ಚಾಯಿತು. ಇನ್ಸ್‌ಪೆಕ್ಟರು ಏನೂ ಅನ್ನಲಿಲ್ಲ. ಶಾಲೆಯ ಮಕ್ಕಳಂತೂ ಆ ಪುಟವನ್ನು ಬಾಯಿಪಾಠ ಮಾಡಿದರು. ನಂಗಲಿಗೆ ಅಂಚೆಯಲ್ಲಿ ಕಳಿಸಿದ ಪ್ರತಿಗೆ, ಯಾರದೋ ಅಪರಿಚಿತ ಅಕ್ಷರದಲ್ಲಿ ಒಂದು ಕಾರ್ಡು ಬಂತು. 'ಈಗ ಸರಿಯಾಗಿದೆ. ಈ ಸಲ ಮರಿಗಳು ಜಾಸ್ತಿ. ಮಜ್ಜಿಗೆಯೂ ಚೆನ್ನಾಗಿದೆ. ಬನ್ನಿ.'

ಶನಿವಾರ ಶಾಲೆ ಬಿಟ್ಟ ಕೂಡಲೇ ಆಕೆ ಮುಳಬಾಗಿಲಿನ ಬಸ್ಸು ಹತ್ತಿದಳು.