ಅವ್ವನ ಆಸ್ಟರ್ ಬೀಜ

ಆಸ್ಟರ್ ಹೂವಿನ ಬೀಜಕ್ಕೆ ಒಂದೇ ವರ್ಷದ ಆಯುಷ್ಯ. ಈ ವರ್ಷ ಬಿತ್ತದೆ ಇಟ್ಟರೆ ಮುಂದಿನ ವರ್ಷ ಬರೀ ಹೊಟ್ಟು. ಲಿಂಗಸುಗೂರಿನ ನಮ್ಮ ಅವ್ವ ಮೂವತ್ತು ವರ್ಷ ಒಂದು ಸಲವೂ ತಪ್ಪದೆ ಬಿತ್ತಿ, ಹೂ ಕೊಯ್ದು, ನಾಲ್ಕು ಗಿಡ ಬೀಜಕ್ಕೆಂದು ಬಿಟ್ಟು ಈ ಹೂವನ್ನು ಉಳಿಸಿಕೊಂಡು ಬಂದಿದ್ದಳು. ತಿಳಿ ನೇರಳೆ ಬಣ್ಣ. ಅಂಗಡಿಯ ಪಾಕೀಟಿನ ಬೀಜದಲ್ಲಿ ಆ ಬಣ್ಣ ನಾನು ಕಂಡಿಲ್ಲ.

ಹೋದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಅಣ್ಣ ಸಂಗನಬಸವ ಹಿತ್ತಲಿಗೆ ಸಿಮೆಂಟು ಹಾಕಿಸಿ ಬೈಕು ನಿಲ್ಲಿಸಿದ. ಸಾಯುವ ವಾರ ಜ್ವರದಲ್ಲೇ ಕೂತು ಅವ್ವ ಬಿಡಿಸಿಟ್ಟಿದ್ದ ಬೀಜದ ಗಂಟನ್ನು ನಾನು ಗಂಡನ ಊರು ದಢೇಸುಗೂರಿಗೆ ತಂದೆ.

ಶ್ರಾವಣದಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಟ್ರೇಗಳಲ್ಲಿ ಬಿತ್ತಿದೆ. ಮೊದಲ ಪುಣ್ಯತಿಥಿಗೆ ಅವ್ವನ ಸಮಾಧಿಯ ಮೇಲೆ ಅವಳದೇ ಹೂ ಇಡಬೇಕು, ಮತ್ತೆ ಬೀಜ ಹಿಡಿಯಬೇಕು, ಇಷ್ಟೇ ನನ್ನ ಆಸೆ. ನಮ್ಮ ಊರಿನಲ್ಲಿ ಭತ್ತವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಬೆಳೆ ಎನ್ನುವುದಿಲ್ಲ. ನಮ್ಮ ಯಜಮಾನರು ಅಮರಗುಂಡಪ್ಪ ಟ್ರೇ ನೋಡಿ ನಕ್ಕರು. “ಇದರ್ಲೆ ಏನ್ ಅನ್ನ ಮಾಡ್ತೀಯೇನು?”

ಎಳೆ ಸಸಿಗಳಿಗೆ ಚೊಂಬಿನಿಂದ ನೀರು ಸುರಿದರೆ ಮಲಗಿಬಿಡುತ್ತವೆ. ಅವ್ವ ಬೇವಿನ ಟೊಂಗೆ ನೀರಲ್ಲಿ ಅದ್ದಿ ಕೊಡವುತ್ತಿದ್ದಳು. ನಾನೂ ಹಾಗೇ ಮಾಡಿದೆ. ನಾಲ್ಕೆಲೆ ಬಂದಾಗ ಅಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ನೀರು ಕೊಡವಲು ಪಕ್ಕದ ಮನೆಯ ಅಯ್ಯಮ್ಮನಿಗೆ ಹೇಳಿ ಮೂರು ದಿನಕ್ಕೆಂದು ಲಿಂಗಸುಗೂರಿಗೆ ಹೋದೆ.

ವಾಪಸು ಬಂದಾಗ ಇವರು ಬಾಗಿಲಲ್ಲೇ ನಿಂತಿದ್ದರು.

“ಅಯ್ಯಮ್ಮನ್ನ ಬರಬ್ಯಾಡ ಅಂದೆ. ಮೂರೂ ದಿನ ನಾನೇ ನೀರು ಹಾಕೀನಿ. ಟೊಂಗಿ ಗಿಂಗಿ ನನ್ನ ಕೈಲೆ ಆಗಂಗಿಲ್ಲ. ಪಂಪಿಲೆ ಹೊಡದೀನಿ, ಮಂಜು ಬಿದ್ದಂಗ ಬೀಳತೈತಿ. ಎರಡು ಸಲ ತೊಳದೀನಿ ಮತ್ತ!”

ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಮನುಷ್ಯ ತಾವು ಕುಡಿಯುವ ನೀರನ್ನೂ ತಾವೇ ತುಂಬಿಕೊಂಡವರಲ್ಲ.

ನಾಲ್ಕು ದಿನದ ಹಿಂದೆ ಬೆನ್ನಿಗೆ ಕಟ್ಟುವ ಅದೇ ಪಂಪಿನಿಂದ ಗದ್ದೆಗೆ ಕಳೆ ಕೊಲ್ಲುವ ಕಸದೆಣ್ಣೆ ಹೊಡೆದಿದ್ದರು. ಅದು ಭತ್ತ, ಹುಲ್ಲುಗಳನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತದೆ. ಎರಡು ಸಲ ತೊಳೆದರೆ ಪಂಪು ಚೊಕ್ಕವಾಯಿತೆಂದು ಇಲ್ಲಿಯವರ ನಂಬಿಕೆ. ಭತ್ತಕ್ಕೆ ಎಂದೂ ಏನೂ ಆಗಿಲ್ಲವಲ್ಲ!

ಟ್ರೇ ನೋಡಿದೆ. ಸಸಿಗಳೆಲ್ಲ ಹಗ್ಗದ ಹಾಗೆ ಹುರಿಗೊಂಡು ಬಿದ್ದಿದ್ದವು. ನಡುವೆ ತಾನಾಗಿ ಹುಟ್ಟಿದ್ದ ಎರಡೆಳೆ ಹುಲ್ಲು ಮಾತ್ರ ಹಸಿರಾಗಿ ನಿಂತಿತ್ತು. ಬಗ್ಗಿ ಮೂಸಿದರೆ ಅದೇ ಎಣ್ಣೆಯ ನಾತ.

ನಾನು ಬಾಯಿ ಮುಚ್ಚಿಕೊಂಡು ಇರುವ ಹೆಂಗಸಲ್ಲ, ಇಡೀ ಊರಿಗೆ ಗೊತ್ತು. ಬೈಯಲೆಂದೇ ತಿರುಗಿದೆ. ಇವರು ಸಂಜೆಯ ನೀರಿಗೆಂದು ಪಂಪು ಬೆನ್ನಿಗೆ ಏರಿಸಿಕೊಂಡಿದ್ದರು.

“ಯಾಕ ಬಗ್ಗ್ಯಾವ? ನಾ ಏನರ ತಪ್ಪು ಮಾಡಿನೇನು?” ದನಿ ನಡುಗುತ್ತಿತ್ತು. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

“ಇಲ್ರೀ, ಬೀಜದಾಗ ಕಸುವಿರಲಿಲ್ಲ,” ಅಂದುಬಿಟ್ಟೆ.

“ಹಂಗನ್ನು! ನಿಮ್ಮವ್ವನ ಬೀಜಾನ ಸರಿ ಇಲ್ಲ. ನನ್ನ ಎದಿ ಧಸಕ್ಕಂದಿತ್ತು ನೋಡು.”

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೂ ಅವ್ವನ ಹೂ ಇನ್ನು ಎಲ್ಲಿಯೂ ಹುಟ್ಟುವುದಿಲ್ಲ. ಅಂದು ಒಲೆಯ ಮುಂದೆ ಕೂತು ಅತ್ತೆ.

ಕಾರ್ತಿಕದಲ್ಲಿ ಸಿಂಧನೂರಿನಿಂದ ತಂದ ಗುಲಾಬಿ ಹಾರವನ್ನು ಸಮಾಧಿಗೆ ಹಾಕಿದೆವು. ಆಸ್ಟರ್ ಎಲ್ಲಿ ಎಂದು ಅಣ್ಣ ಕೇಳಿದ. ಬಂದಿದ್ದ ಬೀಗರಿಗೆಲ್ಲ ಕೇಳುವಂತೆ ಇವರೇ ಉತ್ತರ ಕೊಟ್ಟರು.

“ಅತ್ತಿಯವರ ಬೀಜದಾಗ ಕಸುವಿರಲಿಲ್ಲ. ಪಾಪ, ವಯಸ್ಸಾಗಿತ್ತು, ಚಲೋ ಬೀಜ ಯಾವು ಅಂತ ಅವರಿಗೆ ತಿಳೀಲಿಲ್ಲ.”

ಅಣ್ಣ ನಂಬಲಿಲ್ಲ. ನನ್ನ ಮುಖ ನೋಡಿದ. “ಅವ್ವನ ಬೀಜ? ಹೌದೇನು ಕಲ್ಯಾಣಿ?”

ಸಮಾಧಿಯ ಪಕ್ಕ, ಅವ್ವನ ತಲೆಯ ಹತ್ತಿರವೇ ನಿಂತು ನಾನು ಹೌದೆಂದೆ.